ಮೊಬೈಲ್ ಮೇಷ್ಟ್ರಿಗೆ ಸಂಬಳ ಕೊಡೋರು ಯಾರು?



ಮೊಬೈಲ್‌ನಲ್ಲಿ ಪಾಠ ಹೇಳುವ ಆಪ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲವೂ ಒಂದೇ ಥರ ಕಾಣಿಸುತ್ತವೆ. ಒಬ್ಬ ಮೇಷ್ಟ್ರು, ಒಂದು ಬೋರ್ಡು, ಕೆಳಗೆ ‘ಈಗಲೇ ಸೇರಿ’ ಅನ್ನೋ ಬಟನ್ನು. ನ್ಯೂಟನ್ನನ ಮೂರನೇ ನಿಯಮ ಬೈಜೂಸ್‌ನಲ್ಲೂ ಅದೇ, ಫಿಸಿಕ್ಸ್ ವಾಲಾದಲ್ಲೂ ಅದೇ, ಖಾನ್ ಅಕಾಡೆಮಿಯಲ್ಲೂ ಅದೇ. ಆದ್ರೆ ಮೊದಲನೆಯದು ದಿವಾಳಿ ಕೋರ್ಟಿನ ಕಟಕಟೆಯಲ್ಲಿದೆ. ಎರಡನೆಯದು ಷೇರುಪೇಟೆ ಮೆಟ್ಟಿಲು ಹತ್ತಿದೆ. ಮೂರನೆಯದು ಲಾಭದ ಸಹವಾಸವೇ ಬೇಡ ಅಂತ ದೇಣಿಗೆಯಲ್ಲಿ ನಡೀತಾ ಇದೆ. ಪಾಠ ಒಂದೇ ಆಗಿದ್ದರೂ ಹಣೆಬರಹ ಯಾಕೆ ಬೇರೆ ಬೇರೆ ಆಯ್ತು? ಇವತ್ತು ಅದನ್ನೇ ಮಾತಾಡೋಣ. ಯಾಕಂದ್ರೆ ಈ ಕಥೆಯಲ್ಲಿ ಕೊನೆಗೆ ಬಿಲ್ ಬರೋದು ನಿಮ್ಮ ಮನೆಗೆ.

ಮೊದಲು ಬೈಜೂಸ್. ಕೇರಳದ ಕಣ್ಣೂರು ಜಿಲ್ಲೆಯ ಹುಡುಗ ಬೈಜು ರವೀಂದ್ರನ್. ಎಂಜಿನಿಯರ್. ಎಂಬಿಎ ಪ್ರವೇಶ ಪರೀಕ್ಷೆಗೆ ಪಾಠ ಹೇಳೋದರಲ್ಲಿ ಗಟ್ಟಿಗ. ಬೆಂಗಳೂರಲ್ಲಿ ಆತನ ಕಂಪನಿ ಶುರುವಾಗಿದ್ದು 2011ರಲ್ಲಿ, ಆಪ್ ಬಂದಿದ್ದು 2015ರಲ್ಲಿ. ಆಮೇಲೆ ನಡೆದಿದ್ದು ನಿಮಗೆಲ್ಲ ಗೊತ್ತು. ಜಾಹೀರಾತಿಗೆ ಶಾರುಖ್ ಖಾನ್ ಬಂದ್ರು. 2019ರಲ್ಲಿ ಟೀಮ್ ಇಂಡಿಯಾ ಆಟಗಾರರ ಎದೆ ಮೇಲೆ ಬೈಜೂಸ್ ಹೆಸರು ಬಂತು. 2022ರಲ್ಲಿ ಕತಾರ್ ಫುಟ್‌ಬಾಲ್ ವಿಶ್ವಕಪ್ಪಿನ ಪ್ರಾಯೋಜಕತ್ವ, ಅದರ ಬೆನ್ನಿಗೇ ಮೆಸ್ಸಿ. ಹೂಡಿಕೆದಾರರು ಕಂಪನಿಗೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. ರೂಪಾಯಿ ಅಲ್ಲ, ಡಾಲರ್!

ಈ ದುಡ್ಡೆಲ್ಲ ಎಲ್ಲಿಂದ ಬಂತು? ಒಂದಷ್ಟು ಹೂಡಿಕೆದಾರರಿಂದ. ಇನ್ನೊಂದಷ್ಟು ಅಪ್ಪ-ಅಮ್ಮಂದಿರಿಂದ. ಆದ್ರೆ ಬಂದ ರೀತಿ ಗಮನಿಸಿ. ಶಾಲೆ ಫೀಸು ವರ್ಷಕ್ಕೊಮ್ಮೆ ಕಟ್ಟೋದು, ಟ್ಯೂಷನ್ ಫೀಸು ತಿಂಗಳಿಗೊಮ್ಮೆ. ಮೇಷ್ಟ್ರು ಸರಿ ಇಲ್ಲ ಅಂದ್ರೆ ಮುಂದಿನ ತಿಂಗಳು ಮಗನನ್ನ ಬಿಡಿಸಿ ಬೇರೆ ಕಡೆ ಹಾಕ್ತೀರಿ. ಇಲ್ಲಿ ಹಾಗಲ್ಲ. ಎರಡು ವರ್ಷ, ಮೂರು ವರ್ಷದ ಕೋರ್ಸು ಒಂದೇ ಸಲಕ್ಕೆ. ಜೊತೆಗೊಂದು ಟ್ಯಾಬ್ಲೆಟ್. ಮನೆಗೆ ಬಂದ ಸೇಲ್ಸ್ ಹುಡುಗ ಮಗುವಿಗೆ ನಾಲ್ಕು ಪ್ರಶ್ನೆ ಕೇಳ್ತಾನೆ, ಮಗು ಒಂದಕ್ಕೆ ತಡವರಿಸುತ್ತೆ, ಅಮ್ಮನ ಮುಖ ಸಣ್ಣದಾಗುತ್ತೆ. ಅಲ್ಲಿಗೆ ವ್ಯಾಪಾರ ಮುಗೀತು. ಕೈಯಲ್ಲಿ ಅಷ್ಟು ದುಡ್ಡಿಲ್ವಾ? ಚಿಂತೆ ಬೇಡ, ಇಎಂಐ ಇದೆ.

ಈ ಇಎಂಐ ಅನ್ನೋದೇ ಇಡೀ ಯಂತ್ರದ ಕೀಲಿ. ಅದು ಕಂಪನಿ ಕೊಟ್ಟ ಕಂತಿನ ಅನುಕೂಲ ಅಂತ ಬಹಳ ಜನ ತಿಳಿದರು. ಅದು ಸಾಲ. ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಬರೆದು ದುಡ್ಡನ್ನ ಕೋರ್ಸ್ ಮಾರಿದವರಿಗೆ ಕೊಟ್ಟುಬಿಡುತ್ತೆ. ನೀವು ತಿಂಗಳು ತಿಂಗಳು ಆ ಫೈನಾನ್ಸ್ ಕಂಪನಿಗೆ ಕಟ್ತಾ ಇರ್ತೀರಿ. ಎರಡು ತಿಂಗಳಾದ ಮೇಲೆ ಮಗು ಟ್ಯಾಬ್ಲೆಟ್ ಮುಟ್ಟಲಿಲ್ಲ ಅಂದ್ರೂ ಕಂತು ನಿಲ್ಲೋದಿಲ್ಲ. ಕೋರ್ಸ್ ಬೇಡ ಅಂದ್ರೆ ಅವರು ಒಂದು ಕಡೆ, ಸಾಲದವರು ಇನ್ನೊಂದು ಕಡೆ, ಮಧ್ಯೆ ನಿಮ್ಮ ಬ್ಯಾಂಕ್ ಖಾತೆ. ಸಾಲದ ಕಾಗದಕ್ಕೆ ಸಹಿ ಹಾಕಿದ್ದೇ ಗೊತ್ತಾಗಲಿಲ್ಲ ಅಂತ ದೂರು ಕೊಟ್ಟ ಪೋಷಕರು ಒಬ್ಬಿಬ್ಬರಲ್ಲ. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇಂಥ ದೂರುಗಳ ಮೇಲೆಯೇ ಬೈಜು ರವೀಂದ್ರನ್ ಅವರಿಗೆ ಸಮನ್ಸ್ ಕೊಟ್ಟಿತು.

ಈಗ ಕಂಪನಿಯ ಕಡೆಯಿಂದ ಯೋಚಿಸಿ. ಮೂರು ವರ್ಷದ ದುಡ್ಡು ಮೊದಲ ದಿನವೇ ಬಂತು. ಇನ್ನು ಆ ಮಗು ಓದಿದ್ರೂ ಒಂದೇ, ಓದದಿದ್ರೂ ಒಂದೇ. ಮುಂದಿನ ತಿಂಗಳ ಟಾರ್ಗೆಟ್‌ಗೆ ಬೇಕಾಗಿರೋದು ಇನ್ನೊಂದು ಮನೆ. ಹಾಗಾಗಿ ಮೇಷ್ಟ್ರಿಗಿಂತ ಸೇಲ್ಸ್‌ನವನೇ ದೊಡ್ಡವನಾಗ್ತಾನೆ. ಯಾರೋ ಕೆಟ್ಟವರು ಕೂತು ಹೀಗೆ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ದುಡ್ಡು ಬರುವ ದಾರಿಯೇ ಹಾಗಿದ್ರೆ ಒಳ್ಳೆಯವರೂ ಅದೇ ದಾರಿಯಲ್ಲಿ ನಡೀತಾರೆ.

ಇನ್ನೊಂದು ತಮಾಷೆ ಇದೆ, ಲೆಕ್ಕದ್ದು. ಮೂರು ವರ್ಷದ ಪಾಠಕ್ಕೆ ಇವತ್ತು ಪೂರ್ತಿ ದುಡ್ಡು ಬಂದ್ರೆ ಅದು ಇವತ್ತಿನ ಆದಾಯವಾ? ಅಲ್ಲ. ಪಾಠ ಹೇಳ್ತಾ ಹೋದಂಗೆ ವರ್ಷವರ್ಷಕ್ಕೆ ಹಂಚಿ ಬರೀಬೇಕು. ಬೈಜೂಸ್‌ನ 2020-21ರ ಲೆಕ್ಕ ಹೊರಬಿದ್ದದ್ದು ವರ್ಷ ಮುಗಿದು ಹದಿನೆಂಟು ತಿಂಗಳಾದ ಮೇಲೆ. ಹೀಗೆ ಹಂಚಿ ಬರೆದಾಗ ಕಂಡ ನಷ್ಟ 4,588 ಕೋಟಿ ರೂಪಾಯಿ. ಕೊರೋನಾ ಹೊಡೆತಕ್ಕೆ ಶಾಲೆಗಳಿಗೆಲ್ಲ ಬೀಗ ಬಿದ್ದು, ಇಡೀ ದೇಶದ ಮಕ್ಕಳು ಮೊಬೈಲ್ ಮುಂದೆ ಕೂತಿದ್ದ ವರ್ಷ ಅದು. ಆ ವರ್ಷವೂ ಲಾಭ ಆಗಲಿಲ್ಲ ಅಂದ್ರೆ ಇನ್ಯಾವ ವರ್ಷ ಆಗುತ್ತೆ?

ಮುಂದಿನದು ಬೇಗ ಹೇಳಿ ಮುಗಿಸ್ತೀನಿ. 30 ಕೋಟಿ ಡಾಲರ್ ಕೊಟ್ಟು ವೈಟ್‌ಹ್ಯಾಟ್ ಜೂನಿಯರ್, ಹತ್ತಿರ ಹತ್ತಿರ 100 ಕೋಟಿ ಡಾಲರಿಗೆ ಆಕಾಶ್ ಕೋಚಿಂಗ್, ಅಮೆರಿಕದಲ್ಲಿ 120 ಕೋಟಿ ಡಾಲರ್ ಸಾಲ. 2022ರಲ್ಲಿ 2,500 ಜನರಿಗೆ ಕೆಲಸದಿಂದ ಕೊಕ್. 2023ರ ಜೂನ್‌ನಲ್ಲಿ ಲೆಕ್ಕ ಪರಿಶೋಧಕ ಸಂಸ್ಥೆ ಡೆಲಾಯ್ಟ್ ಹೊರನಡೆಯಿತು, ಹೂಡಿಕೆದಾರರ ಪ್ರತಿನಿಧಿಗಳು ಮಂಡಳಿಗೆ ರಾಜೀನಾಮೆ ಕೊಟ್ಟರು. ಕೊನೆಗೆ ದಿವಾಳಿ ಪ್ರಕ್ರಿಯೆಗೆ ಎಳೆದದ್ದು ಯಾರು ಗೊತ್ತಾ? ಬಿಸಿಸಿಐ. ಅದೇ ಜೆರ್ಸಿಯ ಬಾಕಿ, 158 ಕೋಟಿ ರೂಪಾಯಿ. 2024ರ ಜುಲೈ 16ರಂದು ನಮ್ಮ ಬೆಂಗಳೂರಿನ ಎನ್‌ಸಿಎಲ್‌ಟಿ ಪೀಠ ಆ ಅರ್ಜಿಯನ್ನ ಅಂಗೀಕರಿಸಿತು.

ಹಾಗಂತ ಬೈಜೂಸ್ ಮುಳುಗಿತು, ಆನ್‌ಲೈನ್ ಪಾಠವೇ ಮೋಸ ಅಂತ ತೀರ್ಪು ಕೊಡೋದು ಸುಲಭ. ಅದು ನಿಜ ಅಲ್ಲ. ಪ್ರಯಾಗ್‌ರಾಜ್‌ಗೆ ಹೋಗೋಣ.

ಅಲಖ್ ಪಾಂಡೆ. ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟ ಹುಡುಗ. ಯೂಟ್ಯೂಬ್‌ನಲ್ಲಿ ಪುಕ್ಕಟೆಯಾಗಿ ಭೌತಶಾಸ್ತ್ರ ಹೇಳ್ತಾ ಹೇಳ್ತಾ ‘ಫಿಸಿಕ್ಸ್ ವಾಲಾ’ ಅನ್ನೋ ಹೆಸರು ಗಳಿಸಿದ. 2020ರಲ್ಲಿ ಆಪ್ ಮಾಡಿದಾಗ ಆತನಿಗೆ ಶಾರುಖ್ ಖಾನ್ ಬೇಕಾಗಲಿಲ್ಲ. ಯಾಕಂದ್ರೆ ಗಿರಾಕಿಗಳು ಮೊದಲೇ ಬಂದು ಕೂತಿದ್ರು. ಲಕ್ಷ ಲೆಕ್ಕದಲ್ಲಿ ಫೀಸು ಕೇಳ್ತಿದ್ದ ನೀಟ್, ಜೆಇಇ ಕೋಚಿಂಗ್ ಅನ್ನ ಆತ ಕೆಲವೇ ಸಾವಿರಕ್ಕೆ ಕೊಟ್ಟ. ಒಬ್ಬನಿಂದ ಸಿಗೋದು ಕಡಿಮೆ, ಆದ್ರೆ ಸೇರೋರು ಲಕ್ಷಗಟ್ಟಲೆ. ನಮ್ಮ ದರ್ಶಿನಿ ಹೋಟೆಲ್ ಇದೆಯಲ್ಲ, ಅದೇ ಲೆಕ್ಕ. ಇಡ್ಲಿಯ ಮೇಲೆ ಸಿಗೋದು ಚಿಲ್ಲರೆ, ಬೆಳಗ್ಗೆಯಿಂದ ಎಷ್ಟು ಪ್ಲೇಟ್ ಹೋಯ್ತು ಅನ್ನೋದೇ ಮುಖ್ಯ. ಇಡ್ಲಿ ಚೆನ್ನಾಗಿಲ್ಲ ಅಂದ್ರೆ ನಾಳೆ ಯಾರೂ ಬರಲ್ಲ ಅನ್ನೋ ಭಯವೂ ಅಲ್ಲಿದೆ. 2025ರ ನವೆಂಬರ್‌ನಲ್ಲಿ ಈ ಕಂಪನಿ 3,480 ಕೋಟಿ ರೂಪಾಯಿಯ ಐಪಿಒ ಮಾಡಿ ಷೇರುಪೇಟೆಗೆ ಬಂತು. ಹಾಗಂತ ಎಲ್ಲ ಹೂವಿನ ಹಾಸಿಗೆ ಅಂದ್ಕೋಬೇಡಿ. ಐಪಿಒಗೆ ಮುಂಚಿನ ಹಣಕಾಸು ವರ್ಷದಲ್ಲೂ ಅದು ನಷ್ಟದಲ್ಲೇ ಇತ್ತು. ಇನ್ನು ಷೇರುದಾರರು ಮೂರು ತಿಂಗಳಿಗೊಮ್ಮೆ ಲಾಭ ಎಲ್ಲಿ ಅಂತ ಕೇಳ್ತಾರೆ. ಆಗ ಇಡ್ಲಿ ರೇಟು ಏನಾಗುತ್ತೆ ಅಂತ ನೋಡ್ಬೇಕು.

ನಡುವೆ ಇನ್ನೊಂದು ದಾರಿ ಇತ್ತು. ನಮ್ಮ ಬೆಂಗಳೂರಿನದೇ ಅನ್‌ಅಕಾಡೆಮಿ, ವೇದಾಂತು. ಇವರದ್ದು ಲೈವ್ ಕ್ಲಾಸು, ಚಂದಾ ಲೆಕ್ಕ. ಅನ್‌ಅಕಾಡೆಮಿ ಶುರುವಾಗಿದ್ದೂ ಗೌರವ್ ಮುಂಜಾಲ್ ಅವರ ಯೂಟ್ಯೂಬ್ ಚಾನೆಲ್ ಆಗಿ. ಐಎಎಸ್ ಕೆಲಸವನ್ನೇ ಬಿಟ್ಟು ಬಂದ ರೋಮನ್ ಸೈನಿ ಜೊತೆಯಾದರು. 2021ರಲ್ಲಿ ಅದಕ್ಕೆ ಕಟ್ಟಿದ ಬೆಲೆ 344 ಕೋಟಿ ಡಾಲರ್. ಇಲ್ಲಿನ ಸಮಸ್ಯೆ ಬೇರೆ. ಮಕ್ಕಳು ಚಂದಾ ಕಟ್ಟೋದು ಆಪ್ ನೋಡಿ ಅಲ್ಲ, ಮೇಷ್ಟ್ರ ಮುಖ ನೋಡಿ. ಸ್ಟಾರ್ ಮೇಷ್ಟ್ರು ಎದುರಾಳಿ ಕಂಪನಿಗೆ ಹೋದ್ರೆ ಕ್ಲಾಸೇ ಎದ್ದು ಹೋಗುತ್ತೆ. ಹಿಡಿದಿಟ್ಕೊಳ್ಳೋಕೆ ಸಿನಿಮಾ ಹೀರೋಗೆ ಕೊಡೋ ಥರ ಸಂಬಳ ಕೊಡ್ಬೇಕು. ಜೊತೆಗೆ ಐಪಿಎಲ್ ಪ್ರಾಯೋಜಕತ್ವ ಬೇರೆ. ಉಳಿಯೋದೇನು?

2022ರಲ್ಲಿ ಶಾಲೆಗಳು ಪೂರ್ತಿ ತೆರೆದವು, ಮಕ್ಕಳು ಆಪ್ ಮುಚ್ಚಿ ಎದ್ದು ಹೋದರು. ಆಗ ಇವರೆಲ್ಲ ಏನು ಮಾಡಿದ್ರು? ಟ್ಯೂಷನ್ ಸೆಂಟರ್ ತೆರೆದರು! ಬೈಜೂಸ್ ತೆರೀತು, ಅನ್‌ಅಕಾಡೆಮಿ ಕೋಟಾದಲ್ಲೇ ತೆರೀತು, ಫಿಸಿಕ್ಸ್ ವಾಲಾ ‘ವಿದ್ಯಾಪೀಠ’ ಅಂತ ಊರೂರಲ್ಲಿ ತೆರೀತು. ಗೋಡೆ ಇಲ್ಲದ ತರಗತಿ ಅಂತ ಹೊರಟವರು ಗೋಡೆ ಕಟ್ಟೋಕೆ ಸಿಮೆಂಟ್ ಹುಡುಕಿದರು. ಚೀನಾದಲ್ಲಿ ಇನ್ನೂ ವಿಚಿತ್ರ ನಡೀತು. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ, ಶಾಲಾ ವಿಷಯಗಳ ಟ್ಯೂಷನ್ ಅನ್ನ ಲಾಭಕ್ಕೆ ಮಾಡಂಗಿಲ್ಲ ಅಂತ ಒಂದೇ ಏಟಿಗೆ ಹೇಳಿತು. ನ್ಯೂ ಓರಿಯೆಂಟಲ್ ಅನ್ನೋ ದೈತ್ಯ ಕಂಪನಿಯ ಇಂಗ್ಲಿಷ್ ಮೇಷ್ಟ್ರುಗಳು ಮರುವರ್ಷ ಲೈವ್ ವಿಡಿಯೋದಲ್ಲಿ ಇಂಗ್ಲಿಷ್ ಪದ ಹೇಳಿಕೊಡ್ತಾ ಅಕ್ಕಿ, ಜೋಳ ಮಾರಿದರು. ಭರ್ಜರಿ ವ್ಯಾಪಾರವೂ ಆಯ್ತು ಅನ್ನಿ.

ಇವೆಲ್ಲ ಶಾಲಾ ಮಕ್ಕಳ ಮಾತು. ದೊಡ್ಡವರಿಗೂ ಇದೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಪ್ರೊಫೆಸರ್‌ಗಳು, ಆಂಡ್ರ್ಯೂ ಎಂಗ್ ಮತ್ತು ಡಾಫ್ನೆ ಕೋಲರ್, ಕೋರ್ಸೆರಾ ಕಟ್ಟಿದರು. ಅದೇ ವರ್ಷ ಹಾರ್ವರ್ಡ್ ಮತ್ತು ಎಂಐಟಿ ಸೇರಿ ಲಾಭದ ಆಸೆ ಇಲ್ಲದೆ ಎಡೆಕ್ಸ್ ಕಟ್ಟಿದವು. ಪಾಠ ಪುಕ್ಕಟೆ, ಸರ್ಟಿಫಿಕೇಟ್ ಬೇಕಾದ್ರೆ ದುಡ್ಡು, ಇದು ಅವರ ಸೂತ್ರವಾಗಿತ್ತು. ಇಲ್ಲೊಂದು ಅಂಕಿ ನೆನಪಿಡಿ. ಎಡೆಕ್ಸ್‌ನಲ್ಲಿ ಹಾರ್ವರ್ಡ್, ಎಂಐಟಿ ಕೋರ್ಸುಗಳಿಗೆ 2017-18ರಲ್ಲಿ ಹೆಸರು ಕೊಟ್ಟ ನೂರು ಜನರಲ್ಲಿ ಮುಗಿಸಿದವರು ಮೂವರು. ದುಡ್ಡು ಕಟ್ಟಿ ಸೇರಿದವರಲ್ಲಿ ಮಾತ್ರ ಅರ್ಧದ ಆಸುಪಾಸು. ಅಂದ್ರೆ ಪುಕ್ಕಟೆ ಸಿಕ್ಕಿದ್ದನ್ನ ನಾವು ಪುಕ್ಕಟೆಯಾಗಿಯೇ ಬಿಡ್ತೀವಿ. ಆಮೇಲೆ 2021ರಲ್ಲಿ ಆ ಎಡೆಕ್ಸ್ ಅನ್ನೇ ಟೂಯು ಅನ್ನೋ ಕಂಪನಿಗೆ 80 ಕೋಟಿ ಡಾಲರಿಗೆ ಮಾರಿದರು. 2024ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಯೂಡೆಮಿಯದ್ದು ಶುದ್ಧ ಸಂತೆ ವ್ಯಾಪಾರ. ಯಾರು ಬೇಕಾದ್ರೂ ಅಂಗಡಿ ಹಾಕಬಹುದು, ಸಂತೆ ಕಟ್ಟಿದವರು ಪಾಲು ತಗೋತಾರೆ.

ಹಾಗಾದ್ರೆ ಪುಕ್ಕಟೆ ಕೊಟ್ಟೂ ಬಾಳಿದವರು ಯಾರೂ ಇಲ್ವಾ? ಇದ್ದಾರೆ. ಅಮೆರಿಕದ ಸಲ್ಮಾನ್ ಖಾನ್, ನಟ ಅಲ್ಲ ಮತ್ತೆ. 2004ರಲ್ಲಿ ದೂರದಲ್ಲಿದ್ದ ಚಿಕ್ಕಪ್ಪನ ಮಗಳಂಥ ಬಂಧು ಹುಡುಗಿಗೆ ಫೋನಲ್ಲಿ ಗಣಿತ ಹೇಳಿಕೊಡೋಕೆ ಶುರು ಮಾಡಿದವರು, 2008ರಲ್ಲಿ ಖಾನ್ ಅಕಾಡೆಮಿಯನ್ನ ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿದರು. ಗೇಟ್ಸ್ ಫೌಂಡೇಶನ್, ಗೂಗಲ್ ದೇಣಿಗೆ ಕೊಟ್ಟವು. ಅಲ್ಲಿ ಕನ್ನಡದಲ್ಲೂ ಗಣಿತದ ಪಾಠ ಇದೆ, ಎಷ್ಟು ಜನ ನೋಡಿದ್ದೀರಿ? ಅದಕ್ಕೆ ಜಾಹೀರಾತು ಬರಲ್ಲ, ಅದಕ್ಕೇ ಗೊತ್ತಾಗಲ್ಲ. (ಟಿವಿ ಬದುಕೋದೂ ಜಾಹೀರಾತಿನಿಂದಲೇ. ಅದು ನಿಮಗೂ ಗೊತ್ತು, ನನಗೂ ಗೊತ್ತು.)

ಸರ್ಕಾರದ್ದೂ ಇದೆ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ 2003ರಲ್ಲೇ ಎನ್‌ಪಿಟಿಇಎಲ್ ಶುರು ಮಾಡಿದವು. 2017ರಲ್ಲಿ ಸ್ವಯಂ ಬಂತು. ಕೇಳೋದಕ್ಕೆ ಕಾಸಿಲ್ಲ, ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಬೇಕಾದ್ರೆ ಪರೀಕ್ಷೆಗೆ ಸಾವಿರ ರೂಪಾಯಿ ಆಸುಪಾಸು. ಶಾಲಾ ಮಕ್ಕಳಿಗೆ ದೀಕ್ಷಾ ಇದೆ, ಅದರ ತಾಂತ್ರಿಕ ಬುನಾದಿ ಹಾಕಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್. ಇವುಗಳಲ್ಲಿ ಕೊರತೆ ಇಲ್ವಾ? ಇದೆ. ಕೆಲವು ವಿಡಿಯೋ ನೋಡಿದ್ರೆ ಮೇಷ್ಟ್ರಿಗೇ ನಿದ್ದೆ ಬರೋ ಹಾಗಿರುತ್ತೆ. ಮಗು ತಪ್ಪಿದ್ರೆ ಕೇಳೋರಿಲ್ಲ, ಅನುಮಾನ ಬಂದ್ರೆ ಹೇಳೋರಿಲ್ಲ. ಆದ್ರೆ 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾದಾಗ ಹಳ್ಳಿ ಮನೆಗಳಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿ ಮಕ್ಕಳು ಟಿವಿ ಮುಂದೆ ನೋಟ್‌ಬುಕ್ ಹಿಡಿದು ಕೂತರು. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಆಗ ಯಾವ ಯುನಿಕಾರ್ನ್ ಕಂಪನಿಯೂ ಬರಲಿಲ್ಲ. ಯಾಕಂದ್ರೆ ಆ ಮನೆಯಿಂದ ಕಂತು ಹುಟ್ಟೋದಿಲ್ಲ.

ಕನ್ನಡ ಮಾಧ್ಯಮದ ಮಗುವಿನ ಸ್ಥಿತಿ ಇನ್ನೂ ಕಷ್ಟ. ನೀಟ್ ಪರೀಕ್ಷೆಯನ್ನ 2017ರಿಂದ, ಜೆಇಇ ಮೇನ್ ಅನ್ನ 2021ರಿಂದ ಕನ್ನಡದಲ್ಲೇ ಬರೀಬಹುದು. ಪ್ರಶ್ನೆಪತ್ರಿಕೆ ಕನ್ನಡಕ್ಕೆ ಬಂತು, ಅದಕ್ಕೆ ತಯಾರಿ ಮಾಡಿಸೋ ದೊಡ್ಡ ಆಪ್‌ಗಳು ಇಂಗ್ಲಿಷ್, ಹಿಂದಿ ಬಿಟ್ಟು ಈ ಕಡೆ ಮನಸ್ಸು ಮಾಡಿದ್ದು ಬಹಳ ಕಡಿಮೆ. ಗಿರಾಕಿ ಸಂಖ್ಯೆ ನೋಡಿ ಅಂಗಡಿ ಹಾಕೋರನ್ನ ಬೈದು ಪ್ರಯೋಜನ ಇಲ್ಲ. ಆ ಜಾಗದಲ್ಲಿ ನಿಲ್ಲಬೇಕಾದದ್ದು ಸರ್ಕಾರ.

ನಾಳೆ ನಿಮ್ಮ ಮನೆಗೂ ಒಂದು ಫೋನ್ ಬರುತ್ತೆ. ‘ನಿಮ್ಮ ಮಗಳು ತುಂಬಾ ಬ್ರೈಟ್ ಇದ್ದಾಳೆ ಮೇಡಂ’ ಅಂತ. ಆಗ ನಾಲ್ಕು ಮಾತು ಕೇಳಿ. ತಿಂಗಳ ಲೆಕ್ಕದಲ್ಲಿ ಕಟ್ಟಬಹುದಾ? ಈ ಇಎಂಐ ಯಾವ ಫೈನಾನ್ಸ್ ಕಂಪನಿಯದ್ದು, ಕಾಗದದಲ್ಲಿ ಸಾಲಗಾರ ಯಾರು? ಬೇಡ ಅಂದ್ರೆ ಎಷ್ಟು ದಿನದೊಳಗೆ ಹೇಳ್ಬೇಕು, ದುಡ್ಡು ಯಾವಾಗ ವಾಪಸ್? ಮಗಳು ಅನುಮಾನ ಕೇಳಿದ್ರೆ ಉತ್ತರ ಹೇಳೋ ಮೇಷ್ಟ್ರು ಯಾರು? ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಬರೆದು ಕೊಡಿ ಅನ್ನಿ. ಖಾತೆಯಿಂದ ತಾನಾಗಿಯೇ ದುಡ್ಡು ಕಡಿತ ಆಗೋ ಆಟೋ ಡೆಬಿಟ್‌ಗೆ ಒಪ್ಪಬೇಡಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರ್‌ನಲ್ಲಿ ಪೋಷಕರಿಗೆ ಸೂಚನೆ ಕೊಟ್ಟಿದೆ. ‘ಆಫರ್ ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತೆ ಮೇಡಂ’ ಅಂದ್ರೆ, ಹನ್ನೆರಡೂವರೆಗೆ ಫೋನ್ ಮಾಡಿ ಅಂತ ಹೇಳಿ ಮಲಗಿ.