ಪರೀಕ್ಷೆ ಬಿಟ್ಟರೂ ಅಕ್ಷರ ಬಿಡಬೇಡಿ



ಇಂಗ್ಲೆಂಡ್ ದೇಶದ ಒಂದು ಸಂಗತಿ ಹೇಳ್ತೀನಿ, ಕೇಳಿ. ಅಲ್ಲಿ ದೊಡ್ಡವರೂ ಸಂಬಳ ಪಡೆಯುತ್ತಾ ಕೆಲಸ ಕಲಿಯುತ್ತಾರೆ. ಅವರನ್ನು ಅಪ್ರೆಂಟಿಸ್ ಅಂತಾರೆ. ಶಾಲೆಯಲ್ಲಿ ಪಾಸಾಗದವರು ಕೆಲಸದ ಜೊತೆಗೆ ಇಂಗ್ಲಿಷ್, ಲೆಕ್ಕದ ಪರೀಕ್ಷೆಯನ್ನೂ ಪಾಸು ಮಾಡಬೇಕಿತ್ತು. ಇಲ್ಲದಿದ್ದರೆ, ಕೆಲಸ ಚೆನ್ನಾಗಿ ಬಂದರೂ ಸರ್ಟಿಫಿಕೇಟ್ ಸಿಗುತ್ತಿರಲಿಲ್ಲ.

2025ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ನಿಯಮ ಸಡಿಲಿಸಿತು. 19 ವರ್ಷ ತುಂಬಿದ ಮೇಲೆ ಸೇರಿದವರಿಗೆ ಆ ಪರೀಕ್ಷೆ ಬೇಕೋ ಬೇಡವೋ ಎಂದು ಕೆಲಸ ಕೊಟ್ಟವರೇ ತೀರ್ಮಾನಿಸಬಹುದು.

ಅಡ್ಡಿ ತಪ್ಪಿತು, ಒಳ್ಳೇದೇ. ಆದರೆ ಯೋಚನೆ ಮಾಡಿ. ಮುದುಕರನ್ನು ನೋಡಿಕೊಳ್ಳುವ ಹೆಂಗಸು ಔಷಧಿ ಚೀಟಿ ಓದಬೇಡವೇ? ದಿನಕ್ಕೆ ಎಷ್ಟು ಮಾತ್ರೆ ಎಂದು ಲೆಕ್ಕ ಹಾಕಬೇಡವೇ? ತನ್ನ ಸಂಬಳ ಎಣಿಸಬೇಡವೇ?

ಪರೀಕ್ಷೆ ಬೇಡ ಅಂತ ಯಜಮಾನರು ಹೇಳಬಹುದು. ಕಲಿಕೆ ಬೇಡ ಅಂತ ನಾವು ಹೇಳೋದು ಬೇಡ.