ಬೆಳೆದ ಮಕ್ಕಳಿಗೆ ಹೊಣೆ ವಹಿಸಿರಿ

(ಅಂಬಿಕಾನಗರದ ಸುತ್ತಲಿನ ರೈತರಿಗೆ ನೀಡಿದ ಭಾಷಣ)



ಅಂಬಿಕಾನಗರವು ಕಾಳಿ ಜಲವಿದ್ಯುತ್ ಯೋಜನೆಯಿಂದ ಬೆಳೆದ ಊರು. ನಾಗಝರಿ ವಿದ್ಯುದಾಗಾರದ 6 ಘಟಕಗಳು ನಾಡಿಗೆ ಬೆಳಕು ಕೊಟ್ಟವು. ಆ ಬೆಳಕಿಗಾಗಿ ಹಳೆಯ ಸೂಪಾ ಊರು ನೀರಿನಡಿ ಸೇರಿತು. ಅಲ್ಲಿನ ಅನೇಕ ಕುಟುಂಬಗಳು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. ಅಣೆಕಟ್ಟು ಕಟ್ಟುವಾಗ ಬಹಳ ಕೈಗಳಿಗೆ ಕೆಲಸವಿತ್ತು. ಕಟ್ಟಿ ಮುಗಿದ ಮೇಲೆ ನಡೆಸಲು ಅಷ್ಟು ಜನ ಬೇಕಾಗುವುದಿಲ್ಲ. ಆದ್ದರಿಂದ ಈ ಭಾಗದ ಎಲ್ಲ ಯುವಕರೂ ನೌಕರಿಯನ್ನೇ ನಂಬಿ ಕೂಡುವಂತಿಲ್ಲ. ಅನೇಕರ ಬಾಳು ಹೊಲ, ದನಕರು ಅಥವಾ ಸ್ವಂತ ಕಸುಬಿನಲ್ಲಿಯೇ ಅರಳಬೇಕು.

ಅದಕ್ಕೆ ಅಡ್ಡಿ ಎಲ್ಲಿದೆ? ಎಷ್ಟೋ ಮನೆಗಳಲ್ಲಿ ಇಪ್ಪತ್ತೈದು ವರ್ಷದ ಮಗ ನೇಗಿಲು ಹಿಡಿಯುತ್ತಾನೆ, ಗೊಬ್ಬರ ಹೊರುತ್ತಾನೆ. ಯಾವ ಬೀಜ ತರಬೇಕೆಂದು ಮಾತ್ರ ಅವನನ್ನು ಯಾರೂ ಕೇಳುವುದಿಲ್ಲ. ಸೊಸೈಟಿಯ ಸಾಲವೆಷ್ಟು, ಫಸಲಿನ ಹಣವೆಷ್ಟು ಎಂಬುದೂ ಅವನಿಗೆ ತಿಳಿಯದು. ಮಗಳ ಸ್ಥಿತಿಯಂತೂ ಹೇಳಬೇಕಾಗಿಲ್ಲ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ನಿಜ. ಆದರೆ ಕೊನೆಯವರೆಗೂ ಆಳಾಗಿಯೇ ಇಟ್ಟರೆ ಅವನು ಅರಸಾಗುವುದು ಯಾವಾಗ? ಅಂಥ ಮಗ ಪಟ್ಟಣದಲ್ಲಿ ಕಾವಲು ಕೆಲಸಕ್ಕೆ ಹೊರಟರೆ ಆಶ್ಚರ್ಯವಿಲ್ಲ. ಅಲ್ಲಿ ತಿಂಗಳಿಗೊಮ್ಮೆಯಾದರೂ ಹಣ ಅವನ ಕೈಗೆ ಬರುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬರುವ ಮುಂಗಾರಿಗೆ ಮಗನಿಗಾಗಲಿ ಮಗಳಿಗಾಗಲಿ 10 ಗುಂಟೆ ಭೂಮಿಯನ್ನು ಪೂರ್ತಿಯಾಗಿ ವಹಿಸಿರಿ. ತಳಿಯ ಆಯ್ಕೆ, ಖರ್ಚು, ಮಾರಾಟ ಎಲ್ಲವೂ ಅವರದೇ ಇರಲಿ. ಕೂರಿಗೆ ಭತ್ತವಾದರೆ 5 ಗುಂಟೆಯಲ್ಲಿ ಮನೆಯ ರೂಢಿಯಂತೆ ಬಿತ್ತಲಿ. ಉಳಿದ 5 ಗುಂಟೆಗೆ ಅದೇ ತಳಿಯ ಬೀಜವನ್ನು ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು, ಮುಳುಗಿದ ಗಟ್ಟಿ ಬೀಜವನ್ನು ತಿಳಿ ನೀರಿನಲ್ಲಿ ಎರಡು ಮೂರು ಸಲ ತೊಳೆದು, ನೆರಳಲ್ಲಿ ಆರಿಸಿ ಬಿತ್ತಲಿ. ಗೊಬ್ಬರ, ಕಳೆ ತೆಗೆಯುವುದು ಎರಡೂ ಕಡೆ ಒಂದೇ ಇರಲಿ. ಸುಗ್ಗಿಯಲ್ಲಿ ಎರಡನ್ನೂ ಬೇರೆ ಬೇರೆ ಒಕ್ಕಿ ತೂಗಲಿ. ಖರ್ಚು ಆದಾಯಗಳನ್ನು ಒಂದು ವಹಿಯಲ್ಲಿ ಬರೆಯಲಿ.

ಬೆಳೆ ಕೆಟ್ಟರೆ ನಾಲ್ಕು ಜನರ ಮುಂದೆ ಹಂಗಿಸಬೇಡಿರಿ. ವಹಿಯನ್ನು ತೆರೆದು, ಎಲ್ಲಿ ತಪ್ಪಿತೆಂದು ಜೊತೆಯಲ್ಲಿ ಕೂತು ನೋಡಿರಿ. 10 ಗುಂಟೆಯ ನಷ್ಟವನ್ನು ಮನೆ ತಾಳಿಕೊಳ್ಳಬಲ್ಲದು. ಮಕ್ಕಳ ಎದೆಗುಂದಿದರೆ ತುಂಬಿಕೊಡುವುದು ಕಷ್ಟ. ಲಾಭ ಬಂದರೆ ಆ ಹಣ ಅವರ ಕೈಯಲ್ಲೇ ಉಳಿಯಲಿ.

ಹೊಲ ಸಾಲದ ಮನೆಯ ಯುವಜನರಿಗೂ ದಾರಿಯಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿ ಈಗ ದೇಶವೆಲ್ಲ ಹಬ್ಬಿದೆ. ಹಳಿಯಾಳದಲ್ಲಿಯೂ ಕೆನರಾ ಬ್ಯಾಂಕ್ ದೇಶಪಾಂಡೆ ಸ್ವಉದ್ಯೋಗ ತರಬೇತಿ ಸಂಸ್ಥೆಯಿದೆ. ಇಂಥ ಸಂಸ್ಥೆಗಳಲ್ಲಿ ಊಟ, ವಸತಿಯೊಡನೆ ತರಬೇತಿ ಉಚಿತ. ಕಲಿತು ಬಂದವರಿಗೆ ಮನೆಯಲ್ಲಿ ಒಂದು ಮೂಲೆ, ಸ್ವಲ್ಪ ಬಂಡವಾಳ, ಒಂದಿಷ್ಟು ಕಾಲಾವಕಾಶ ಬೇಕು. ಅದನ್ನು ಹಿರಿಯರೇ ಕೊಡಬೇಕು.

ತಟ್ಟೆಯಲ್ಲಿ ಒತ್ತಾಗಿ ಬೆಳೆಸಿದ ಸಸಿಯನ್ನು ಸಕಾಲದಲ್ಲಿ ಕಿತ್ತು ನೆಟ್ಟರೆ ತೆಂಡೆಯೊಡೆಯುತ್ತದೆ; ಬಲಿತ ಮೇಲೆ ನೆಟ್ಟರೆ ತೆಂಡೆ ಕಡಿಮೆ. ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಕ್ಕಳ ವಿಷಯದಲ್ಲಿಯೂ ಆ ಸಕಾಲ ಮೀರದಿರಲಿ.