ಗ್ರಹಣದ ಹೊತ್ತಿನಲ್ಲಿ ವಿಜ್ಞಾನ ಮತ್ತು ನಂಬಿಕೆ



ವಿಜ್ಞಾನ ಮತ್ತು ಧಾರ್ಮಿಕ ನಂಬಿಕೆ ಪರಸ್ಪರ ಶತ್ರುಗಳೋ ಮಿತ್ರರೋ ಎಂಬ ವಿಷಯದ ಚರ್ಚಾಸ್ಪರ್ಧೆಯನ್ನು ನೀವು ಒಮ್ಮೆಯಾದರೂ ಕೇಳಿರುತ್ತೀರಿ. ಪರವಾಗಿ ಮಾತನಾಡಿದವರಿಗೂ ವಿರೋಧವಾಗಿ ಮಾತನಾಡಿದವರಿಗೂ ಬಹುಮಾನ ಸಿಗುತ್ತದೆ; ಪ್ರಶ್ನೆ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಇಂದು ನಮ್ಮ ಮನೆಗಳಲ್ಲೇ ನಡೆಯುವ ಒಂದು ಪ್ರಸಂಗವನ್ನು ಹಿಡಿದು ಅದನ್ನು ನೋಡೋಣ. ಅದೇ ಗ್ರಹಣ.

ಗ್ರಹಣದ ದಿನ ಅನೇಕ ಮನೆಗಳಲ್ಲಿ ನೀರಿನ ಕೊಡ, ಉಪ್ಪಿನಕಾಯಿ ಭರಣಿಗಳ ಮೇಲೆ ದರ್ಭೆ ಇಡುತ್ತಾರೆ. ಒಲೆ ಹಚ್ಚುವುದಿಲ್ಲ. ಗರ್ಭಿಣಿಯರು ಹೊರಗೆ ಬರಬಾರದು ಎನ್ನುತ್ತಾರೆ. ರಾಹು ಸೂರ್ಯನನ್ನು ನುಂಗುತ್ತಾನೆ ಎಂದು ಅಜ್ಜಿ ಕತೆ ಹೇಳುತ್ತಾರೆ. ಆದರೆ ಅದೇ ಅಜ್ಜಿ ಗೋಡೆಯ ಮೇಲಿನ ಪಂಚಾಂಗ ನೋಡಿ ಸ್ಪರ್ಶ ಇಷ್ಟು ಗಂಟೆಗೆ, ಮೋಕ್ಷ ಇಷ್ಟು ಗಂಟೆಗೆ ಎಂದೂ ಹೇಳುತ್ತಾರೆ. ರಾಹುವಿಗೆ ಯಾವಾಗ ಹಸಿವಾಗುತ್ತದೆಂದು ಪಂಚಾಂಗದವರಿಗೆ ಮೊದಲೇ ಹೇಗೆ ತಿಳಿಯಿತು?

ಉತ್ತರ ಗಣಿತದಲ್ಲಿದೆ. ಭೂಮಿಯಿಂದ ನೋಡಿದಾಗ ಸೂರ್ಯ ಸಾಗುವಂತೆ ಕಾಣುವ ಪಥಕ್ಕೆ ಚಂದ್ರನ ಪಥ ಸುಮಾರು 5 ಡಿಗ್ರಿ ಓರೆಯಾಗಿದೆ. ಹಾಗಾಗಿ ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಆಗುವುದಿಲ್ಲ. ಎರಡು ಪಥಗಳೂ ಒಂದನ್ನೊಂದು ಹಾಯುವ ಬಿಂದುಗಳು ಎರಡು. ಆ ಬಿಂದುಗಳ ಬಳಿ ಅಮಾವಾಸ್ಯೆ ಕೂಡಿಬಂದರೆ ಮಾತ್ರ ಸೂರ್ಯಗ್ರಹಣ. ನಮ್ಮ ಜ್ಯೋತಿಷಿಗಳು ಆ ಎರಡು ಬಿಂದುಗಳನ್ನೇ ರಾಹು, ಕೇತು ಎಂದು ಕರೆದಿದ್ದಾರೆ. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು. ದೂರವೂ ಸುಮಾರು 400 ಪಟ್ಟು. ಆದ್ದರಿಂದಲೇ ಪುಟ್ಟ ಚಂದ್ರ ಅಷ್ಟು ದೊಡ್ಡ ಸೂರ್ಯನನ್ನು ಮರೆಮಾಡಬಲ್ಲ.

ಇದು ಪಶ್ಚಿಮದಿಂದ ಬಂದ ಹೊಸ ತಿಳಿವಳಿಕೆಯೇನಲ್ಲ. ಕ್ರಿ.ಶ. 499ರ ಕಾಲಕ್ಕೆ ಸೇರಿದ ಆರ್ಯಭಟೀಯದಲ್ಲಿ, ಗ್ರಹಣಕ್ಕೆ ಕಾರಣ ಚಂದ್ರ ಮತ್ತು ಭೂಮಿಯ ನೆರಳು ಎಂಬ ವಿವರಣೆ ಇದೆ. ಆ ಗ್ರಂಥ ಆರಂಭವಾಗುವುದು ಬ್ರಹ್ಮನಿಗೆ ನಮಸ್ಕಾರದಿಂದ. ದೇವರಿಗೆ ಕೈಮುಗಿದ ಆ ಮನುಷ್ಯನಿಗೆ ನೆರಳನ್ನು ನೆರಳೆಂದು ಹೇಳಲು ಅಡ್ಡಿಯಾಗಲಿಲ್ಲ. ಆದರೆ ಕ್ರಿ.ಶ. 628ರಲ್ಲಿ ಗ್ರಂಥ ಬರೆದ ಬ್ರಹ್ಮಗುಪ್ತ ಮಹಾ ಗಣಿತಜ್ಞನಾಗಿದ್ದರೂ, ರಾಹುವನ್ನು ನಿರಾಕರಿಸುವುದು ಶ್ರುತಿ ಸ್ಮೃತಿಗಳಿಗೆ ವಿರುದ್ಧವೆಂದು ಆಕ್ಷೇಪಿಸಿದ. ಅಂದರೆ ಇಂದಿನ ವಾದ ಅಂದೂ ಇತ್ತು.

ಇದೆಲ್ಲ ಹಳೆಯ ಮಾತಾಯಿತು, ಈಗೇಕೆ ಎನ್ನುತ್ತೀರಾ? 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತು. ಮಂಗಳೂರಿನಲ್ಲಿ ಜನ ಬೆಂಕಿಯ ಬಳೆಯಂತಹ ಸೂರ್ಯನನ್ನು ಕಂಡು ಬೆರಗಾದರು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ಒಂದು ಗ್ರಾಮದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಂದೆತಾಯಿಗಳು ಕ್ರೂರಿಗಳಲ್ಲ. ಮಗುವಿಗಾಗಿ ಏನು ಮಾಡಲೂ ಸಿದ್ಧರಿದ್ದವರು. ಆದರೆ ಅವರ ನಂಬಿಕೆಯ ಬೆಲೆ ತೆತ್ತದ್ದು, ಬೇಡವೆನ್ನಲಾಗದ ಮಕ್ಕಳು.

ಇಲ್ಲಿಯೇ ನಮಗೊಂದು ಅಳತೆಗೋಲು ಸಿಗುತ್ತದೆ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ, ಜಪ ಮಾಡಿ, ಬಡವರಿಗೆ ಧಾನ್ಯ ಕೊಟ್ಟರೆ ಮನಸ್ಸಿಗೆ ಸಮಾಧಾನ ಎನ್ನುವವರೊಡನೆ ವಿಜ್ಞಾನಕ್ಕೆ ಜಗಳವಿಲ್ಲ. ಆದರೆ ಗ್ರಹಣದಲ್ಲಿ ಅನ್ನ ವಿಷವಾಗುತ್ತದೆ, ಮಣ್ಣಿನಲ್ಲಿ ಹೂತರೆ ಕಾಲು ಬರುತ್ತದೆ ಎಂದರೆ ಅದು ಲೋಕದ ಬಗ್ಗೆ ಹೇಳಿದ ಮಾತು. ಲೋಕದ ಬಗ್ಗೆ ಹೇಳಿದ ಮಾತನ್ನು ಪರೀಕ್ಷಿಸಲೇಬೇಕು. ಯಾರು ಹೇಳಿದರು ಎಂಬುದು ಮುಖ್ಯವಲ್ಲ. ಪರೀಕ್ಷೆಯಲ್ಲಿ ಸೋತರೆ ಬಿಡಬೇಕು. ವಿಜ್ಞಾನಿಗಳ ಮಾತಿಗೂ ಇದೇ ನಿಯಮ.

ನಮ್ಮ ನಾಡಿನ ಡಾ. ಎಚ್. ನರಸಿಂಹಯ್ಯನವರು ಇದನ್ನೇ ಬಾಳಿ ತೋರಿಸಿದರು. ಭೌತವಿಜ್ಞಾನಿ, ಖಾದಿಧಾರಿ, ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಬಂದ ಟೀಕೆಗಳಿಗೆ ಅವರು ಹಿಂಜರಿಯಲಿಲ್ಲ. ಅದೇ 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿತು. ಧರ್ಮವನ್ನು ಆಚರಿಸುವ ಸ್ವಾತಂತ್ರ್ಯವನ್ನು ಕೊಟ್ಟಿರುವುದೂ ಅದೇ ಸಂವಿಧಾನ. ಎರಡನ್ನೂ ಒಟ್ಟಿಗೆ ಹೊತ್ತು ನಡೆಯಬೇಕಾದವರು ನಾವು.

ಹಾಗಾದರೆ ಮುಂದಿನ ಗ್ರಹಣದಂದು ನೀವೇನು ಮಾಡಬೇಕು? ಅಜ್ಜಿಯ ದರ್ಭೆಯನ್ನು ಕಿತ್ತೆಸೆದು ಅವರ ಮನಸ್ಸು ನೋಯಿಸಬೇಡಿ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡ ಎಂಬ ಅವರ ಮಾತು ಸತ್ಯವೇ; ಹಾಗೆ ನೋಡಿದರೆ ಅಕ್ಷಿಪಟಲ ಸುಟ್ಟುಹೋಗಬಹುದು. ಹಳೆಯ ಎಕ್ಸ್-ರೇ ಫಿಲ್ಮು, ತಂಪು ಕನ್ನಡಕಗಳೂ ಬೇಡ. ಒಂದು ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಅದರ ಮೂಲಕ ಬಿಳಿ ಕಾಗದದ ಮೇಲೆ ಬೀಳುವ ಪುಟ್ಟ ಬಿಂಬವನ್ನು ಅಜ್ಜಿಗೆ ತೋರಿಸಿ. ಕಚ್ಚಿದ ದೋಸೆಯಂತೆ ಕಾಣುವ ಸೂರ್ಯನನ್ನು ಅವರೂ ನೋಡಲಿ. ಮನೆಯಲ್ಲಿ ಗರ್ಭಿಣಿ ಅಕ್ಕನಿದ್ದರೆ ಹಸಿದಿರದಂತೆ ನೋಡಿಕೊಳ್ಳಿ. ಆ ಮಾತಿನಲ್ಲಿ ಮಾತ್ರ ರಾಜಿ ಬೇಡ.

ಪ್ರೀತಿಯಿಂದ ಕೇಳಿದ ಪ್ರಶ್ನೆಗೆ ಮನೆಯ ಬಾಗಿಲು ಬೇಗ ತೆರೆಯುತ್ತದೆ. ಕೇಳುವುದನ್ನು ಮಾತ್ರ ಬಿಡಬೇಡಿ.